ಹಳೆ ಆಟ, ಹೊಸ ಕಾರ್ಡು

ಇಪ್ಪತ್ತು ವರ್ಷ ಹಳೆಯ ಕಂಪ್ಯೂಟರ್ ಆಟ ಹೊಸ ಗ್ರಾಫಿಕ್ಸ್ ಕಾರ್ಡಿನ ಮೇಲೆ ತೆರೆದ ಕೂಡಲೇ ಕಪ್ಪು ಪರದೆ ತೋರಿಸಿ ಮುಚ್ಚಿಕೊಳ್ಳುವುದು ಅಪರೂಪವೇನಲ್ಲ. ಕಾರ್ಡಿನ ಶಕ್ತಿ ಅಂದಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ, ಆಟ ಮಾತ್ರ ಓಡುವುದಿಲ್ಲ. ಕಾರ್ಡು ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವವರೂ ಇದ್ದಾರೆ. ಬಹುಪಾಲು ತಪ್ಪು ಇರುವುದು ಆಟದೊಳಗೆ: ಅದನ್ನು ಬರೆದವರು ತಮ್ಮ ಕಾಲದ ಕಾರ್ಡುಗಳನ್ನು ನೋಡಿ ಕಟ್ಟಿಕೊಂಡ ಅಂದಾಜುಗಳಲ್ಲಿ.

ಯಾವ ಆಟವೂ ಕಾರ್ಡಿನ ಜೊತೆ ನೇರ ಮಾತಾಡುವುದಿಲ್ಲ. ನಡುವೆ ಡೈರೆಕ್ಟ್‌ಎಕ್ಸ್ ಅಥವಾ ಓಪನ್‌ಜಿಎಲ್ ಎಂಬ ಒಪ್ಪಿತ ಭಾಷೆ ಇರುತ್ತದೆ. ಅದರ ಕೆಳಗೆ ಕಾರ್ಡು ತಯಾರಿಸಿದ ಕಂಪನಿಯೇ ಬರೆದ ಡ್ರೈವರ್ ಕೂತಿರುತ್ತದೆ. ಆಟ ಮೊದಲು ಕೇಳುವುದು ಒಂದೇ ಪ್ರಶ್ನೆ: ನಿನಗೆ ಏನೇನು ಬರುತ್ತದೆ? ಈ ಪ್ರಶ್ನೆಗೆ ಬರುವ ಉತ್ತರದಲ್ಲೇ ಎಷ್ಟೋ ಆಟಗಳು ಮುಗ್ಗರಿಸುತ್ತವೆ.

1999ರ ಕ್ವೇಕ್ 3 ಅರೀನಾ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೂಲ ಕೋಡನ್ನು 2005ರಲ್ಲಿ ಬಹಿರಂಗಪಡಿಸಿದ್ದರಿಂದ ಒಳಗೆ ಏನು ನಡೆಯುತ್ತದೆ ಎಂದು ಯಾರು ಬೇಕಾದರೂ ನೋಡಬಹುದು. ಓಪನ್‌ಜಿಎಲ್ ಡ್ರೈವರ್ ತನಗೆ ಬರುವ ಹೆಚ್ಚುವರಿ ವಿದ್ಯೆಗಳ ಹೆಸರುಗಳನ್ನೆಲ್ಲ ಒಂದೇ ಉದ್ದ ಸಾಲಿನಲ್ಲಿ ಪೋಣಿಸಿ ಕೊಡುತ್ತದೆ. ಆಟ ಆ ಸಾಲನ್ನು ತೆಗೆದುಕೊಂಡು ಪರದೆಯ ಮೇಲೆ ಬರೆಯಲು ಹೊರಡುತ್ತದೆ. ಬರೆಯುವ ಮುನ್ನ ಸಂದೇಶವನ್ನು ಇಟ್ಟುಕೊಳ್ಳಲು ಮೀಸಲಿಟ್ಟ ಜಾಗ 4,096 ಅಕ್ಷರಗಳದು. ಅಂದಿನ ಕಾರ್ಡುಗಳ ಸಾಲು ಅದರಲ್ಲಿ ಆರಾಮಾಗಿ ಹಿಡಿಸುತ್ತಿತ್ತು. ಇಂದಿನ ಡ್ರೈವರುಗಳು ನೂರಾರು ಹೆಸರು ಒಪ್ಪಿಸುತ್ತವೆ. ಒಂದು ಹೆಸರಿಗೆ 25 ಅಕ್ಷರ ಹಿಡಿದರೂ 300 ಹೆಸರಿಗೆ 7,500 ಆಯಿತು. ಪಾವು ಹಿಡಿಯುವ ಪಾತ್ರೆಗೆ ಸೇರು ಸುರಿದಂತೆ. ಆದರೆ ಇಲ್ಲಿ ಚೆಲ್ಲಿದ ಕಾಳು ನೆಲಕ್ಕೆ ಬೀಳುವುದಿಲ್ಲ, ಪಕ್ಕದ ಪಾತ್ರೆಯೊಳಗೆ ಬೀಳುತ್ತದೆ. ಪಕ್ಕದಲ್ಲೇ ಇರುತ್ತದೆ, ಈ ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಎಂಬ ವಿಳಾಸ. ಅದು ಅಳಿಸಿಹೋದ ಮೇಲೆ ಪ್ರೋಗ್ರಾಮು ಅರ್ಥವಿಲ್ಲದ ಜಾಗಕ್ಕೆ ಜಿಗಿಯುತ್ತದೆ, ವಿಂಡೋಸ್ ಅದನ್ನು ಅಲ್ಲಿಗೇ ನಿಲ್ಲಿಸುತ್ತದೆ.

ಇದಕ್ಕೆ ಸಿಕ್ಕ ಒಂದು ಪರಿಹಾರ ಸ್ವಾರಸ್ಯವಾದದ್ದು. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಮೆಸಾ ಡ್ರೈವರಿಗೆ ಇಂಥ ವರ್ಷದ ನಂತರ ಹುಟ್ಟಿದ ಹೆಸರುಗಳನ್ನು ಬಾಯಿಬಿಡಬೇಡ ಎಂದು ಹೇಳಿಡಬಹುದು. ವರ್ಷವನ್ನು 2001 ಎಂದು ಕೊಟ್ಟರೆ ಹೊಸ ಕಾರ್ಡು ಹಳೆಯದರಂತೆ ನಟಿಸುತ್ತದೆ, ಸಾಲು ಗಿಡ್ಡವಾಗುತ್ತದೆ, ಆಟ ಓಡುತ್ತದೆ. ಓಪನ್‌ಜಿಎಲ್ ಕೂಡ 2008ರ ತನ್ನ 3.0 ಆವೃತ್ತಿಯಲ್ಲಿ ಹೆಸರುಗಳನ್ನು ಒಂದೊಂದಾಗಿ ಕೇಳುವ ದಾರಿ ತಂದಿತು. ಅದಕ್ಕೂ ಮೊದಲೇ ಬಂದ ಆಟಗಳಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಕಾರ್ಡಿನ ಮೆಮೊರಿಯೂ ಇಂಥದೇ ಫಜೀತಿ ತರುತ್ತದೆ. 32 ಬಿಟ್‌ನ ಪೂರ್ಣಾಂಕದಲ್ಲಿ, ಒಂದು ಬಿಟ್ ಕೂಡು–ಕಳೆ ಚಿಹ್ನೆಗೆ ಹೋದರೆ, ಬರೆಯಬಹುದಾದ ದೊಡ್ಡ ಸಂಖ್ಯೆ 2,147,483,647. ಎರಡು ಜಿಬಿ ಎಂದರೆ ಅದಕ್ಕಿಂತ ಸರಿಯಾಗಿ ಒಂದು ಬೈಟ್ ಹೆಚ್ಚು. ಅಲ್ಲಿಗೆ ಲೆಕ್ಕ ತಿರುಗಿ ಮೈನಸ್ಸಿಗೆ ಇಳಿಯುತ್ತದೆ. ಹೀಗಾಗಿ 8 ಜಿಬಿ ಕಾರ್ಡು ಹಾಕಿದವರಿಗೆ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬರುವುದುಂಟು. ಬಣ್ಣದ ಕಥೆ ಇನ್ನೊಂದು. 1999ರ ಏಜ್ ಆಫ್ ಎಂಪೈರ್ಸ್ 2 ಬಳಸುತ್ತಿದ್ದದ್ದು 256 ಬಣ್ಣಗಳ ಒಂದು ಪಟ್ಟಿಯನ್ನು. ವಿಂಡೋಸ್ 7ರಲ್ಲಿ ಡೆಸ್ಕ್‌ಟಾಪ್ ನಡೆಸುವ ಎಕ್ಸ್‌ಪ್ಲೋರರ್ ಆ ಪಟ್ಟಿಗೆ ಕೈಹಾಕಿ ಹುಲ್ಲನ್ನು ನೇರಳೆ, ನೀರನ್ನು ಕೆಂಪು ಮಾಡುತ್ತಿತ್ತು. ಎಕ್ಸ್‌ಪ್ಲೋರರನ್ನೇ ನಿಲ್ಲಿಸಿ ಆಡುವುದು ಆಗಿನ ರೂಢಿಯ ಮದ್ದು.

ಕೆಲವು ಕಡೆ ಹಳೆಯ ಭಾಷೆಯನ್ನು ಕಂಪನಿಗಳೇ ಕೈಬಿಟ್ಟಿವೆ. 2022ರಲ್ಲಿ ಬಂದ ಇಂಟೆಲ್ ಆರ್ಕ್ ಕಾರ್ಡುಗಳಿಗೆ ಆರಂಭದಲ್ಲಿ ಡೈರೆಕ್ಟ್‌ಎಕ್ಸ್ 9ರ ಸ್ವಂತ ಡ್ರೈವರ್ ಇರಲಿಲ್ಲ, 12ಕ್ಕೆ ಅನುವಾದಿಸುವ ಪದರವನ್ನೇ ನೆಚ್ಚಿಕೊಂಡಿದ್ದವು. 2025ರ ಎನ್‌ವಿಡಿಯಾ ಆರ್‌ಟಿಎಕ್ಸ್ 50 ಸರಣಿ ಲೆಕ್ಕದ ಕೆಲಸವನ್ನು ಕಾರ್ಡಿಗೆ ಒಪ್ಪಿಸುವ ಕುಡಾದ 32 ಬಿಟ್ ಬೆಂಬಲವನ್ನು ಬಿಟ್ಟು ಬಂತು. ಮಿರರ್ಸ್ ಎಡ್ಜ್, ಬಾರ್ಡರ್‌ಲ್ಯಾಂಡ್ಸ್ 2 ಮುಂತಾದ ಆಟಗಳಲ್ಲಿ ಗಾಜಿನ ಚೂರು, ಹೊಗೆ, ಬಟ್ಟೆಯ ಚಲನೆಗಳನ್ನು ಲೆಕ್ಕ ಹಾಕುವ, ಕುಡಾವನ್ನೇ ನೆಚ್ಚಿದ್ದ ಫಿಸ್‌ಎಕ್ಸ್ ಆಗ ಪ್ರೊಸೆಸರಿನ ತಲೆಗೆ ಬಿದ್ದು, ಆಟ ಕೆಲಕಾಲ ತೆವಳಿತು. ಇದು ಕ್ರ್ಯಾಶ್ ಅಲ್ಲ, ಆದರೂ ಆಡುವವರಿಗೆ ಅದಕ್ಕಿಂತ ಕಡಿಮೆ ಕಿರಿಕಿರಿಯದ್ದೂ ಅಲ್ಲ.

ಯಾವ ಕಾಯಿಲೆ ಎಂದು ಗುರುತಿಸಲು ವಿಂಡೋಸ್‌ನ ಈವೆಂಟ್ ವ್ಯೂವರ್ ಸಾಕು. ಅದರ ಅಪ್ಲಿಕೇಶನ್ ವಿಭಾಗದಲ್ಲಿ ಆಟ ಬಿದ್ದ ಗಳಿಗೆಯ ಕೆಂಪು ದಾಖಲೆ ಇರುತ್ತದೆ. ಸಿ0000005 ಎಂಬ ಸಂಕೇತವಿದ್ದರೆ, ತನ್ನದಲ್ಲದ ಮೆಮೊರಿಯನ್ನು ಮುಟ್ಟಿ ಬಿದ್ದಿದೆ ಎಂದು ಅರ್ಥ. ‘ಫಾಲ್ಟಿಂಗ್ ಮಾಡ್ಯೂಲ್’ ಎಂಬಲ್ಲಿ ಡ್ರೈವರಿನ ಕಡತದ ಹೆಸರಿದೆಯೋ ಆಟದ್ದೇ ಇದೆಯೋ ನೋಡಬೇಕು. ಅಲ್ಲಿ ಕಾಣುವುದು ಬಿದ್ದ ಜಾಗ ಅಷ್ಟೇ, ಎಡವಿದ ಕಲ್ಲು ಹಿಂದೆಲ್ಲೋ ಇರಬಹುದು. ಡಿ3ಡಿಎಕ್ಸ್9 ಎಂದು ಶುರುವಾಗುವ ಕಡತ ಇಲ್ಲ ಎಂಬ ದೂರಾದರೆ ಕೆಲಸ ಸುಲಭ: ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ ಪ್ಯಾಕೇಜು ಹಾಕಿದರೆ ಮುಗಿಯಿತು. ಹಳೆಯ ಕಾರ್ಡಿನ ರೆಸಲ್ಯೂಶನ್ ನೆನಪಿಟ್ಟುಕೊಂಡ ಸೆಟ್ಟಿಂಗ್ಸ್ ಕಡತವನ್ನು ಬೇರೆಡೆಗೆ ಸರಿಸಿ ನೋಡುವುದಕ್ಕೂ ಖರ್ಚಿಲ್ಲ.

ಇದಾವುದೂ ನಾಟದಿದ್ದರೆ ಅನುವಾದಕ ಪದರಗಳ ಮೊರೆ ಹೋಗಬೇಕು. ಡಿಜಿವೂಡೂ 2 ಹಳೆಯ ಡೈರೆಕ್ಟ್‌ಎಕ್ಸ್ ಮಾತುಗಳನ್ನೂ, ಎಂದೋ ಕಣ್ಮುಚ್ಚಿದ 3ಡಿಎಫ್‌ಎಕ್ಸ್ ಕಂಪನಿಯ ಗ್ಲೈಡ್ ಭಾಷೆಯನ್ನೂ ಹೊಸ ಡೈರೆಕ್ಟ್‌ಎಕ್ಸ್‌ಗೆ ತಿರುಗಿಸುತ್ತದೆ. ಡಿಎಕ್ಸ್‌ವಿಕೆ ಡೈರೆಕ್ಟ್‌ಎಕ್ಸ್ ಮಾತುಗಳನ್ನು ವಲ್ಕನ್ ಎಂಬ ಇನ್ನೊಂದು ಭಾಷೆಗೆ ತಿರುಗಿಸುತ್ತದೆ. ಹಾಕುವ ವಿಧಾನ ಸರಳ. ಆಟ ಕೇಳುವ ಡಿ3ಡಿ9 ಕಡತದ ಹೆಸರಿನಲ್ಲೇ ಈ ಅನುವಾದಕ ಬರುತ್ತದೆ, ಅದನ್ನು ಆಟದ ಫೋಲ್ಡರಿನಲ್ಲಿ ಇಟ್ಟರಾಯಿತು. ವಿಂಡೋಸ್ ಸಾಮಾನ್ಯವಾಗಿ ಮೊದಲು ಹುಡುಕುವುದು ಅಲ್ಲೇ ಆದ್ದರಿಂದ ಅಸಲಿಯ ಬದಲು ಇದನ್ನೇ ಎತ್ತಿಕೊಳ್ಳುತ್ತದೆ. ಇದಕ್ಕೊಂದು ಹೋಲಿಕೆ: ಅಲಂಪುರದ ಸಂಗಮೇಶ್ವರ ದೇವಾಲಯ ಮೊದಲಿದ್ದದ್ದು ಕೃಷ್ಣಾ–ತುಂಗಭದ್ರಾ ಸಂಗಮದ ಕೂಡವೆಲ್ಲಿಯಲ್ಲಿ. ಶ್ರೀಶೈಲ ಜಲಾಶಯದ ನೀರು ಏರುತ್ತದೆಂದು ಚಾಲುಕ್ಯರ ಆ ಗುಡಿಯನ್ನು ಬಿಚ್ಚಿ ತಂದು ಅಲಂಪುರದಲ್ಲಿ ಮರುಜೋಡಿಸಿದರು. ಕಲ್ಲುಗಳು ಅವೇ, ಕೆಳಗಿನ ನೆಲ ಬೇರೆ. ಅನುವಾದಕ ಪದರ ಹಾಕಿದ ಆಟದ ಸ್ಥಿತಿಯೂ ಹೆಚ್ಚುಕಡಿಮೆ ಹೀಗೇ. ಕ್ವೇಕ್ 3ರ ಬಹಿರಂಗ ಕೋಡನ್ನೇ ತಿದ್ದುವ ಐಓಕ್ವೇಕ್3ರಂಥ ಯೋಜನೆಗಳ ದಾರಿ ಬೇರೆ, ಅಲ್ಲಿ ಬಿರುಕುಬಿಟ್ಟ ಕಲ್ಲುಗಳನ್ನೇ ಹೊಸದಾಗಿ ಕೆತ್ತಿ ಕೂರಿಸುತ್ತಾರೆ. ಮೂಲ ಕೋಡು ಸಿಕ್ಕ ಅದೃಷ್ಟವಂತ ಆಟಗಳಿಗೆ ಮಾತ್ರ ಆ ಭಾಗ್ಯ.

ಓಡತೊಡಗಿದ ಮೇಲೂ ಒಂದು ಲಗಾಮು ಬೇಕಾಗುತ್ತದೆ. ಹೊಸ ಕಾರ್ಡು ಸೆಕೆಂಡಿಗೆ ನೂರಾರು ಚಿತ್ರ ಬಿಡಿಸಿದರೆ, ಚಿತ್ರದ ಲೆಕ್ಕದಲ್ಲೇ ಕಾಲ ಅಳೆಯುವ ಆಟಗಳಲ್ಲಿ ಕಾರು, ಮನುಷ್ಯರ ಚಲನೆ ಎಲ್ಲ ಹದ ತಪ್ಪುತ್ತದೆ. ಡ್ರೈವರಿನಲ್ಲೇ ವೇಗವನ್ನು 60ಕ್ಕೋ 30ಕ್ಕೋ ಕಟ್ಟಬಹುದು.

ಗ್ರಾಫಿಕ್ಸ್‌ಗೆ ಸಂಬಂಧವೇ ಇಲ್ಲದೆ ಅದರ ಮೇಲೆ ಆರೋಪ ಹೊರಿಸುವ ಒಂದು ದೋಷವೂ ಇದೆ. 2000ದ ಆಸುಪಾಸಿನ ಅನೇಕ ಸಿಡಿಗಳಲ್ಲಿ ಸೇಫ್‌ಡಿಸ್ಕ್ ಎಂಬ ನಕಲು ತಡೆಯುವ ಬೀಗವಿತ್ತು. ಅದಕ್ಕೆ ಬೇಕಾದ ಡ್ರೈವರ್ 2015ರ ವಿಂಡೋಸ್ 10ರಲ್ಲಿ ಇಲ್ಲ. ಅಂಥ ಆಟ ಡಬಲ್ ಕ್ಲಿಕ್ ಮಾಡಿದರೆ ಸದ್ದಿಲ್ಲದೆ ಸುಮ್ಮನಾಗುತ್ತದೆ, ಯಾವ ಕಾರ್ಡು ಬದಲಿಸಿದರೂ ಏಳುವುದಿಲ್ಲ. ಬೀಗವಿಲ್ಲದ ಆವೃತ್ತಿಯನ್ನು ಮಾರುವ ಅಧಿಕೃತ ಡಿಜಿಟಲ್ ಅಂಗಡಿಯಿಂದ ಮತ್ತೊಮ್ಮೆ ಕೊಳ್ಳುವುದೇ ಅದಕ್ಕಿರುವ ನೇರ ದಾರಿ.