ಗೀಟು ಹೊಡೆದ ಬೆಲೆ

ಆನ್‌ಲೈನ್ ಅಂಗಡಿಯಲ್ಲಿ ಯಾವ ಪದಾರ್ಥವನ್ನು ನೋಡಿದರೂ ಅದಕ್ಕೆ ಸಾಮಾನ್ಯವಾಗಿ ಎರಡು ಬೆಲೆಗಳಿರುತ್ತವೆ. ಒಂದು ದಪ್ಪ ಅಂಕಿಗಳಲ್ಲಿ ನಿಂತಿರುತ್ತದೆ; ಇನ್ನೊಂದು ಅದರ ಮಗ್ಗುಲಲ್ಲಿಯೇ ಮೈಮೇಲೆ ಒಂದು ಗೀಟು ಹೊಡೆಸಿಕೊಂಡು ನಿಂತಿರುತ್ತದೆ. ನಾವು ಕೊಡಬೇಕಾದುದು ಮೊದಲನೆಯದನ್ನು. ಹಾಗಿದ್ದ ಮೇಲೆ ಎರಡನೆಯದು ಅಲ್ಲಿ ಏಕಿರಬೇಕು? ಕಾಗದ ಬರೆಯುವಾಗ ತಪ್ಪಿದ ಮಾತಿನ ಮೇಲೆ ನಾವು ಗೀಟು ಹೊಡೆಯುವುದು, ಓದುವವರು ಅದನ್ನು ಬಿಟ್ಟು ಓದಲಿ ಎಂದು. ಇಲ್ಲಿಯ ಗೀಟು ಅದಕ್ಕೆ ವಿರುದ್ಧ. ಅದನ್ನೇ ಮೊದಲು ಓದಲಿ ಎಂದು. ಈ ದಿನ ನಾನು ಹೇಳಬೇಕೆಂದಿರುವುದು ಬಹುಮಟ್ಟಿಗೆ ಈ ಗೀಟಿನ ಕಥೆ.

೧೯೭೪ರಲ್ಲಿ ಏಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ವಿಚಿತ್ರ ಪ್ರಯೋಗದ ವಿವರವನ್ನು ಪ್ರಕಟಿಸಿದರು. ಸೊನ್ನೆಯಿಂದ ನೂರರವರೆಗೆ ಅಂಕಿಗಳಿದ್ದ ಒಂದು ಚಕ್ರವನ್ನು ಜನರ ಮುಂದೆ ತಿರುಗಿಸಿದರು. ಆಮೇಲೆ, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳ ಪಾಲು ಶೇಕಡಾ ಎಷ್ಟಿರಬಹುದೆಂದು ಅವರನ್ನು ಕೇಳಿದರು. ಚಕ್ರಕ್ಕೂ ಪ್ರಶ್ನೆಗೂ ಏನೇನೂ ಸಂಬಂಧವಿಲ್ಲ. ಆದರೂ ಚಕ್ರ ೧೦ರ ಮೇಲೆ ನಿಂತುದನ್ನು ಕಂಡವರ ಊಹೆ ೨೫ರ ಆಸುಪಾಸಿನಲ್ಲಿತ್ತು; ೬೫ರ ಮೇಲೆ ನಿಂತುದನ್ನು ಕಂಡವರ ಊಹೆ ೪೫ರ ಆಸುಪಾಸಿಗೆ ಏರಿತ್ತು. ಮೊದಲು ಕಣ್ಣಿಗೆ ಬಿದ್ದ ಅಂಕಿ, ಅದು ಎಷ್ಟೇ ಅಸಂಬದ್ಧವಾಗಿರಲಿ, ಮನಸ್ಸಿಗೆ ಗೂಟವಾಗಿಬಿಡುತ್ತದೆ. ಕಟ್ಟಿದ ಹಸುವಿನಂತೆ ಮನಸ್ಸು ಅದರ ಸುತ್ತಲೇ ಮೇಯುತ್ತದೆ. ಗೀಟು ಹೊಡೆದ ಬೆಲೆ ಅಂಥ ಗೂಟ. ಕಾಹ್ನೆಮನ್ ಅವರಿಗೆ ೨೦೦೨ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಅವರು ಕಂಡುಹಿಡಿದುದನ್ನು ನಮಗಿಂತ ಚೆನ್ನಾಗಿ ಓದಿಕೊಂಡವರು ವರ್ತಕರು.

ಹಣ ತೆತ್ತಾದ ಮೇಲೆ ಪರದೆಯ ಮೇಲೆ ಒಂದು ವಾಕ್ಯ ಮೂಡುವುದುಂಟು: ‘ನೀವು ೧,೨೦೦ ರೂಪಾಯಿ ಉಳಿಸಿದ್ದೀರಿ’ ಎಂದು. ಉಳಿತಾಯವೆಂದರೆ ಉಳಿದದ್ದು. ಉಳಿದದ್ದು ಎಲ್ಲಾದರೂ ಇರಬೇಕಷ್ಟೆ? ನಮ್ಮ ತಾಯಂದಿರು ಉಳಿಸಿದ್ದು ಸಾಸಿವೆ ಡಬ್ಬಿಯಲ್ಲಿ ಇರುತ್ತಿತ್ತು. ಡಬ್ಬಿ ಅಲ್ಲಾಡಿಸಿದರೆ ಸದ್ದಾಗುತ್ತಿತ್ತು. ಈ ೧,೨೦೦ ರೂಪಾಯಿ ಯಾವ ಡಬ್ಬಿಯಲ್ಲಿಯೂ ಇಲ್ಲ, ಯಾವ ಪಾಸ್‌ಬುಕ್ಕಿನಲ್ಲಿಯೂ ಇಲ್ಲ. ಪಾಸ್‌ಬುಕ್ಕಿನಲ್ಲಿ ಇರುವುದು ೧,೮೦೦ ರೂಪಾಯಿ ಹೋದ ಲೆಕ್ಕ ಮಾತ್ರ.

ಇನ್ನು ಆ ಗೀಟಿನ ಕೆಳಗಿರುವ ಅಂಕಿ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಅನೇಕ ವೇಳೆ ಅದು ಪೊಟ್ಟಣದ ಮೇಲೆ ಅಚ್ಚಾಗಿರುವ ಗರಿಷ್ಠ ಮಾರಾಟ ಬೆಲೆ. ನಮ್ಮ ಬಾಯಲ್ಲಿ ಎಂ.ಆರ್.ಪಿ. ತೆರಿಗೆಗಳೆಲ್ಲ ಸೇರಿದ ಈ ಬೆಲೆಯನ್ನು ಅಚ್ಚು ಹಾಕುವ ಪದ್ಧತಿ ನಮ್ಮ ದೇಶದಲ್ಲಿ ೧೯೯೦ರಲ್ಲಿ ಬಂತು. ಅಂಗಡಿಯವನು ಮನಬಂದಂತೆ ಏರಿಸದಿರಲಿ ಎಂಬುದು ಅದರ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಅದು ಏರಬಾರದ ಮಿತಿಯೇ ಹೊರತು ವಸ್ತುವಿನ ಯೋಗ್ಯತೆಯ ಅಳತೆಯಲ್ಲ. ಔಷಧಿಯಂಥ ಕೆಲವನ್ನು ಬಿಟ್ಟರೆ, ಈ ಅಂಕಿಯನ್ನು ಗೊತ್ತುಮಾಡುವವನು ತಯಾರಕನೇ. ೯೦೦ ರೂಪಾಯಿಗೆ ಮಾರಬೇಕೆಂದಿರುವ ಇಸ್ತ್ರಿಪೆಟ್ಟಿಗೆಯ ಮೇಲೆ ೨,೦೦೦ ಎಂದು ಅಚ್ಚು ಹಾಕಿದರೆ ಅವನನ್ನು ತಡೆಯುವವರು ಯಾರು? ‘ಶೇಕಡಾ ೫೫ ರಿಯಾಯಿತಿ’ ಎಂಬ ಮಾತು ಆಗ ಇಸ್ತ್ರಿಪೆಟ್ಟಿಗೆಯ ವಿಷಯ ಏನನ್ನೂ ಹೇಳುವುದಿಲ್ಲ. ತಯಾರಕನ ಅಚ್ಚುಕೂಟದ ಔದಾರ್ಯವನ್ನು ಮಾತ್ರ ಹೇಳುತ್ತದೆ.

೨೦೦೭ರಲ್ಲಿ ಬೆಂಗಳೂರಿನಲ್ಲಿ ಪುಸ್ತಕದ ವ್ಯಾಪಾರದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆ ೨೦೧೪ರ ಅಕ್ಟೋಬರ್ ೬ರಂದು ತನ್ನ ಮೊದಲ ಮಹಾ ಮಾರಾಟವನ್ನು ನಡೆಸಿತು. ನುಗ್ಗಿದ ಜನಕ್ಕೆ ಜಾಲತಾಣ ತಡೆಯಲಿಲ್ಲ. ಕೆಲವು ಸರಕುಗಳ ಬೆಲೆ ಮಾರಾಟಕ್ಕೆ ಮುಂಚೆ ಮೇಲೇರಿದ್ದುದನ್ನೂ ಜನ ಗಮನಿಸಿದರು. ಸ್ಥಾಪಕರಿಬ್ಬರೂ ಗ್ರಾಹಕರಿಗೆ ಕಾಗದ ಬರೆದು ಕ್ಷಮೆ ಕೇಳಬೇಕಾಯಿತು. ಅಂದಿನಿಂದ ಜನಕ್ಕೆ ಒಂದು ಬುದ್ಧಿ ಬಂದಿದೆ: ಇಂದಿನ ಬೆಲೆಯನ್ನು ಗೀಟಿನ ಬೆಲೆಯೊಡನೆ ಹೋಲಿಸದೆ, ಅದೇ ವಸ್ತುವಿನ ಹಿಂದಿನ ತಿಂಗಳ ಬೆಲೆಯೊಡನೆ ಹೋಲಿಸುವುದು. ಬೆಲೆಯ ಏರಿಳಿತವನ್ನು ತಿಂಗಳುಗಟ್ಟಲೆ ಬರೆದಿಟ್ಟು ತೋರಿಸುವ ಜಾಲತಾಣಗಳೂ ಇವೆ. ಅವು ಬೇಡವೆನ್ನುವವರಿಗೆ ನೋಟುಪುಸ್ತಕ ಸಾಕು. ನಾನು ಪುಸ್ತಕವೇ ಇಟ್ಟಿದ್ದೇನೆ. ಬೇಕೆನಿಸಿದ ವಸ್ತುವಿನ ಹೆಸರು, ತಾರೀಖು, ಅಂದಿನ ಬೆಲೆ. ಒಂದೆರಡು ವಾರ ಬಿಟ್ಟು ನೋಡಿದರೆ ಕೆಲವದರ ಬೆಲೆ ಇಳಿದಿರುತ್ತದೆ, ಕೆಲವದರ ಬೆಲೆ ಏರಿರುತ್ತದೆ, ಇನ್ನು ಕೆಲವು ನಮಗೆ ಬೇಕಾಗಿತ್ತೆಂಬುದೇ ಮರೆತುಹೋಗಿರುತ್ತದೆ.

ಒಂದು ವಸ್ತುವಿಗೆ ಎಲ್ಲರಿಗೂ ಒಂದೇ ಬೆಲೆ ಎಂಬುದು ಬಹಳ ಹಳೆಯ ಪದ್ಧತಿಯೇನಲ್ಲ. ೧೮೫೨ರಲ್ಲಿ ಪ್ಯಾರಿಸ್ ನಗರದ ಬಾನ್ ಮಾರ್ಶೆ ಎಂಬ ಅಂಗಡಿಗೆ ಪಾಲುದಾರನಾಗಿ ಬಂದ ಅರಿಸ್ಟೀಡ್ ಬೂಸಿಕೋ ಎಂಬಾತ ಸರಕಿನ ಮೇಲೆ ಬೆಲೆಯ ಚೀಟಿ ಅಂಟಿಸಿ, ಚೌಕಾಸಿಯನ್ನು ನಿಲ್ಲಿಸಿ, ಒಪ್ಪದಿದ್ದರೆ ವಾಪಸು ತನ್ನಿ ಎಂದು ಹೇಳಿ ಹೆಸರುವಾಸಿಯಾದ. ಅದಕ್ಕೆ ಮುಂಚೆ ಅಲ್ಲಿಯೂ ನಮ್ಮ ಸಂತೆಯ ರೀತಿಯೇ. ನಮ್ಮ ಸಂತೆಯಲ್ಲಿ ಕೊಳ್ಳುವವಳು ಬೇಡವೆಂದು ನಾಲ್ಕು ಹೆಜ್ಜೆ ನಡೆಯುತ್ತಾಳೆ; ಮಾರುವವನು ‘ಬಾರಮ್ಮ, ಎಷ್ಟಕ್ಕೆ ಕೇಳ್ತೀಯ’ ಎಂದು ಕೂಗುತ್ತಾನೆ. ಇಬ್ಬರಿಗೂ ಇನ್ನೊಬ್ಬರ ಮುಖ ಕಾಣುತ್ತದೆ. ಅದರಲ್ಲಿ ಒಂದು ಸಮಾನತೆ ಇದೆ.

ಈಗ ಚೌಕಾಸಿ ಮತ್ತೆ ಬಂದಿದೆ, ಆದರೆ ಒಂದೇ ಕಡೆಯಿಂದ. ಅಂಗಡಿಗೆ ನಮ್ಮ ಮುಖ ಕಾಣುತ್ತದೆ, ನಮಗೆ ಅದರ ಮುಖ ಕಾಣುವುದಿಲ್ಲ. ೨೦೦೦ದ ಸೆಪ್ಟೆಂಬರಿನಲ್ಲಿ ಅಮೆರಿಕದ ಅಮೆಜಾನ್ ಸಂಸ್ಥೆ ಒಂದೇ ಚಲನಚಿತ್ರದ ಡಿವಿಡಿಯನ್ನು ಬೇರೆ ಬೇರೆಯವರಿಗೆ ಬೇರೆ ಬೇರೆ ಬೆಲೆಗೆ ತೋರಿಸಿದ್ದು ಗ್ರಾಹಕರ ಕಣ್ಣಿಗೆ ಬಿತ್ತು. ಅದು ವ್ಯಕ್ತಿಯನ್ನು ನೋಡಿ ಹಾಕಿದ ಬೆಲೆಯಲ್ಲ, ಯಾದೃಚ್ಛಿಕ ಪ್ರಯೋಗವೆಂದು ಸಂಸ್ಥೆ ಸಮಜಾಯಿಷಿ ಕೊಟ್ಟು, ಹೆಚ್ಚು ತೆತ್ತವರಿಗೆ ಹಣ ಹಿಂತಿರುಗಿಸಿತು. ಹೀಗಾಗಿ ದೊಡ್ಡ ಖರೀದಿಗೆ ಮುಂಚೆ ಮನೆಯ ಇನ್ನೊಬ್ಬರ ಫೋನಿನಲ್ಲಿಯೂ ಬೆಲೆ ನೋಡುವುದು ಸಂಶಯಪ್ರವೃತ್ತಿಯಲ್ಲ, ಗೃಹಕೃತ್ಯ. ಸಂತೆಯ ನಾಲ್ಕು ಹೆಜ್ಜೆಯೂ ಇಲ್ಲಿ ಕೆಲವೊಮ್ಮೆ ನಡೆಯುತ್ತದೆ: ವಸ್ತುವನ್ನು ಬುಟ್ಟಿಗೆ ಹಾಕಿ, ಹಣ ತೆರದೆ ಎರಡು ದಿನ ಸುಮ್ಮನಿದ್ದರೆ, ಕೂಪನ್ ಒಂದು ನಮ್ಮನ್ನು ಹಿಂದಿನಿಂದ ಕೂಗಿ ಕರೆಯುವುದುಂಟು.

ದಿನಸಿಯ ವಿಷಯಕ್ಕೆ ಬಂದರೆ ಮೋಸವೆನ್ನುವಂಥದು ಕಡಿಮೆ, ನಮ್ಮ ಆಲಸ್ಯವೇ ಹೆಚ್ಚು. ದೊಡ್ಡ ಪೊಟ್ಟಣ ಅಗ್ಗವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ೫೦೦ ಗ್ರಾಂ ಬೇಳೆ ೮೨ ರೂಪಾಯಿ, ಒಂದು ಕಿಲೋ ೧೬೮ ಎಂದಿಟ್ಟುಕೊಳ್ಳಿ. ಎರಡು ಸಣ್ಣದನ್ನು ಕೊಂಡವರಿಗೆ ನಾಲ್ಕು ರೂಪಾಯಿ ಲಾಭ. ೨೦೨೧ರಲ್ಲಿ ಪೊಟ್ಟಣದ ಪದಾರ್ಥಗಳ ನಿಯಮಗಳಿಗೆ ತಿದ್ದುಪಡಿ ತಂದು, ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಬೀಳುತ್ತದೆಂಬುದನ್ನೂ ಅಚ್ಚು ಹಾಕಬೇಕೆಂದು ಗೊತ್ತುಮಾಡಿದರು. ಒಳ್ಳೆಯ ನಿಯಮ, ಅಕ್ಷರ ಮಾತ್ರ ಇರುವೆಯ ಗಾತ್ರದ್ದು. ಕನ್ನಡಕ ಹಾಕಿಕೊಂಡು ಓದಬೇಕು.

ಪುಸ್ತಕಪ್ರಿಯರು ಬೀಳುವ ಹಳ್ಳ ಬೇರೆ. ೩೦೦ ರೂಪಾಯಿ ಮುಖಬೆಲೆಯ ಕಾದಂಬರಿಗೆ ಶೇಕಡಾ ಹತ್ತು ಸೋಡಿ ಎಂದು ಕಂಡು ಸಂತೋಷಪಡುತ್ತೇವೆ, ೨೭೦ ಆಯಿತು. ಕಡೆಯ ಪುಟದಲ್ಲಿ ರವಾನೆಯ ಖರ್ಚು ೬೦ ಸೇರಿ ೩೩೦ ಆಗುತ್ತದೆ. ಅಷ್ಟರಲ್ಲಿ ‘ಇನ್ನು ೨೨೯ ರೂಪಾಯಿಯ ಪುಸ್ತಕ ಕೊಂಡರೆ ರವಾನೆ ಉಚಿತ’ ಎಂಬ ಸೂಚನೆ. ೬೦ ರೂಪಾಯಿ ತಪ್ಪಿಸಲು ೨೨೯ ರೂಪಾಯಿ ತೆತ್ತು, ಓದದ ಪುಸ್ತಕಗಳ ಸಾಲಿಗೆ ಇನ್ನೊಂದನ್ನು ಸೇರಿಸುತ್ತೇವೆ. ನಮ್ಮ ಬೀದಿಯ ಪುಸ್ತಕದ ಅಂಗಡಿಯವನು ಅದೇ ಶೇಕಡಾ ಹತ್ತನ್ನು ಕೊಟ್ಟು, ಮೇಲೆ ಒಂದು ಮಾತನ್ನೂ ಆಡುತ್ತಿದ್ದ. ಹಾಗೆಂದು ಆನ್‌ಲೈನನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಎಂದೋ ಅಚ್ಚಾಗಿ ಮುಗಿದುಹೋದ ಪುಸ್ತಕದ ಹಳೆಯ ಪ್ರತಿ, ದೂರದ ಯಾವುದೋ ಊರಿನ ಹಳೆಯ ಪುಸ್ತಕದ ವ್ಯಾಪಾರಿಯಿಂದ ಮನೆಯ ಬಾಗಿಲಿಗೆ ಬರುವ ಸುಖವನ್ನು ಅವೆನ್ಯೂ ರಸ್ತೆಯಲ್ಲಿ ಅಲೆದವರೇ ಬಲ್ಲರು.

ಕಡೆಯ ಪುಟದಲ್ಲಿ ಮೊತ್ತ ಬೆಳೆಯುವ ಈ ತಂತ್ರಕ್ಕೆ ಈಗ ಶಾಸನದಲ್ಲಿಯೂ ಹೆಸರಿದೆ. ೨೦೨೩ರ ನವೆಂಬರ್ ೩೦ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ‘ಡಾರ್ಕ್ ಪ್ಯಾಟರ್ನ್’ ಎಂಬ ಮರೆಮೋಸದ ವಿನ್ಯಾಸಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸಿ, ಹದಿಮೂರು ಬಗೆಗಳನ್ನು ಪಟ್ಟಿಮಾಡಿತು. ಕೇಳದೆಯೇ ಬುಟ್ಟಿಗೆ ವಿಮೆಯನ್ನೋ ದಾನವನ್ನೋ ಸೇರಿಸುವುದು ಒಂದು. ಇಲ್ಲದ ಅವಸರವನ್ನು ಹುಟ್ಟಿಸುವುದು ಒಂದು: ‘ಎರಡೇ ಉಳಿದಿವೆ’, ‘ಹತ್ತು ನಿಮಿಷ ಮಾತ್ರ’. ನನಗೆ ಬಹಳ ರಸವತ್ತಾಗಿ ಕಂಡದ್ದು ನಾಚಿಸುವ ಬಗೆ. ವಿಮೆ ಬೇಡವೆನ್ನುವವರು ‘ನನ್ನ ಕ್ಷೇಮ ನನಗೆ ಬೇಡ’ ಎಂಬರ್ಥದ ಗುಂಡಿಯನ್ನು ಒತ್ತಬೇಕು! ಗೆರೆ ಮೊದಲೇ ಎಳೆದಿಟ್ಟ ಚೌಕದಿಂದ ಗ್ರಾಹಕನ ಒಪ್ಪಿಗೆ ಪಡೆಯಬಾರದೆಂದು ೨೦೨೦ರ ಇ-ವಾಣಿಜ್ಯ ನಿಯಮಗಳೂ ಹೇಳುತ್ತವೆ. ನಿಯಮ ಇದ್ದರೂ ಕಡೆಯ ಪುಟದ ಲೆಕ್ಕವನ್ನು ಸಾಲುಸಾಲಾಗಿ ಓದುವ ಕೆಲಸ ನಮ್ಮದೇ.

ಬಡ್ಡಿಯಿಲ್ಲದ ಕಂತಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮಧ್ಯಮ ವರ್ಗದ ಮನೆಗಳ ಹಣ ಸೋರುವುದು ಇಲ್ಲಿಯೇ. ಸೊನ್ನೆ ಬಡ್ಡಿ ಎಂಬ ವಸ್ತುವೇ ಇಲ್ಲವೆಂದು ರಿಸರ್ವ್ ಬ್ಯಾಂಕು ೨೦೧೩ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ತಿಳಿಸಿತ್ತು. ಹೆಸರು ಬದಲಾಯಿಸಿಕೊಂಡು ಅದು ‘ನೋ ಕಾಸ್ಟ್’ ಆಗಿ ಬಂದಿದೆ. ೧೮,೦೦೦ ರೂಪಾಯಿಯ ಫೋನು, ತಿಂಗಳಿಗೆ ೩,೦೦೦ದಂತೆ ಆರು ಕಂತು ಎಂದಿಟ್ಟುಕೊಳ್ಳಿ. ವರ್ಷಕ್ಕೆ ಶೇಕಡಾ ೧೫ರ ದರದಲ್ಲಿ ಇದರೊಳಗೆ ಸುಮಾರು ೭೬೦ ರೂಪಾಯಿ ಬಡ್ಡಿ ಅಡಗಿದೆ. ಅಷ್ಟನ್ನು ಮಾರುವವರು ಮೊದಲೇ ಬೆಲೆಯಲ್ಲಿ ಇಳಿಸಿಕೊಟ್ಟಿರುತ್ತಾರೆ. ಬಡ್ಡಿಯ ಮೇಲಿನ ಶೇಕಡಾ ೧೮ರ ತೆರಿಗೆಯನ್ನು ಮಾತ್ರ ನಾವೇ ತೆರಬೇಕು, ೧೩೭ ರೂಪಾಯಿ. ಬ್ಯಾಂಕಿನ ಪ್ರಕ್ರಿಯಾ ಶುಲ್ಕ ೧೯೯ ಇದ್ದರೆ ತೆರಿಗೆಯೂ ಸೇರಿ ೨೩೫. ಒಟ್ಟಿಗೆ ೩೭೦ ರೂಪಾಯಿಗೂ ಮೇಲಾಯಿತು. ಪೂರ್ತಿ ಹಣ ಒಮ್ಮೆಗೇ ಕೊಟ್ಟವರಿಗೆ ಸಿಗುತ್ತಿದ್ದ ರಿಯಾಯಿತಿ ಏನಾದರೂ ಇದ್ದರೆ ಅದೂ ಕೈಬಿಟ್ಟಿತು. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಡ್ರೇಜನ್ ಪ್ರೆಲೆಕ್, ಡಂಕನ್ ಸಿಮೆಸ್ಟರ್ ಎಂಬಿಬ್ಬರು ೨೦೦೧ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟಿಗೆ ನಗದು ಕೊಡಬೇಕಾದವರು ಕೂಗಿದ ಬೆಲೆಗಿಂತ ಕ್ರೆಡಿಟ್ ಕಾರ್ಡಿನವರು ಕೂಗಿದ ಬೆಲೆ ಸರಿಸುಮಾರು ಇಮ್ಮಡಿಯಾಗಿತ್ತು. ೧೮,೦೦೦ ಎಂದರೆ ಎದೆ ಝಲ್ಲೆನ್ನುತ್ತದೆ; ೩,೦೦೦ ಎಂದರೆ ಎನ್ನುವುದಿಲ್ಲ. ಮೂರು ಸಲ ಹೀಗೆ ಎದೆ ಸುಮ್ಮನಾದರೆ ತಿಂಗಳಿಗೆ ೯,೦೦೦ ಹೋಗುತ್ತದೆ.

ಕೊಂಡವರ ಅಭಿಪ್ರಾಯಗಳನ್ನು ಓದುವವರು ಐದು ನಕ್ಷತ್ರದವನ್ನೂ ಒಂದು ನಕ್ಷತ್ರದವನ್ನೂ ಬಿಟ್ಟು ಮೂರರವನ್ನು ಓದುವುದು ಮೇಲು. ಹೊಗಳಿಕೆ ಬಾಡಿಗೆಯದಾಗಿರಬಹುದು, ಬೈಗುಳ ಕೋಪದ್ದಾಗಿರಬಹುದು. ವಸ್ತು ಕೆಟ್ಟಿದ್ದರೆ ಮೊದಲು ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ೪೮ ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಿ, ತಿಂಗಳೊಳಗೆ ಪರಿಹರಿಸುವುದು ಅವರ ಕರ್ತವ್ಯ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಸಂಖ್ಯೆ ೧೯೧೫.

ಸಂಖ್ಯೆಯ ಮಾತು ಬಂದದ್ದರಿಂದ ಇದೊಂದನ್ನು ಹೇಳಲೇಬೇಕು. ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯಿನಿಯೊಬ್ಬರು ೬೫೦ ರೂಪಾಯಿಯ ಸೀರೆಯೊಂದನ್ನು ಹಿಂದಿರುಗಿಸಬೇಕಾಗಿತ್ತು. ಅಂಗಡಿಯ ದೂರವಾಣಿ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿದರು. ಸಿಕ್ಕಿದ್ದು ಕಳ್ಳರು ತೂರಿಸಿಟ್ಟಿದ್ದ ಸಂಖ್ಯೆ. ಆ ಕಡೆಯ ಧ್ವನಿ ಬಹಳ ವಿನಯದಿಂದ ‘ಅಮ್ಮಾ, ಹಣ ವಾಪಸು ಹಾಕುತ್ತಿದ್ದೇವೆ, ನಿಮ್ಮ ಪಿನ್ ಒತ್ತಿ’ ಎಂದಿತು. ಯು.ಪಿ.ಐ.ಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕೆ ಬೇಕಿಲ್ಲ. ಈ ಒಂದು ಸಂಗತಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೋದದ್ದು ಒಂದು ತಿಂಗಳ ಪಿಂಚಣಿ. ಸೊಸೆ ಕೂಡಲೇ ಸೈಬರ್ ವಂಚನೆಯ ೧೯೩೦ಕ್ಕೆ ಫೋನ್ ಮಾಡಿದ್ದರಿಂದ ಸುಮಾರು ಅರ್ಧದಷ್ಟನ್ನು ದಾರಿಯಲ್ಲಿಯೇ ತಡೆಯುವುದು ಸಾಧ್ಯವಾಯಿತು. ಕೆಲವು ಗಂಟೆ ತಡವಾಗಿದ್ದರೆ ಅದೂ ಕೈ ಸೇರುತ್ತಿರಲಿಲ್ಲವೇನೋ. ಅಂಗಡಿಯ ನಿಜವಾದ ಸಂಖ್ಯೆ ಅವರು ಸೀರೆ ಕೊಂಡ ಆ್ಯಪಿನೊಳಗೇ, ‘ಸಹಾಯ’ ಎಂಬ ಪುಟದಲ್ಲಿತ್ತು.