ಸಕ್ಕರೆ ಕಾಯಿಲೆಯ ತಮ್ಮನಿಗೆ ಗ್ಲೂಕೋಸ್ ಡ್ರಿಪ್ ಏಕೆ?

ಊರಿನ ಆಸ್ಪತ್ರೆಯಲ್ಲಿ ಕಂಬಕ್ಕೆ ಯಾವ ಬಾಟ್ಲಿ ನೇತುಹಾಕಿದರೂ ಅದಕ್ಕೆ 'ಗ್ಲೂಕೋಸ್' ಅಂತಲೇ ಹೆಸರು, ಅಲ್ಲವೇ? ಕಳೆದ ಚಳಿಗಾಲದಲ್ಲಿ ನನ್ನ ಒಂಬತ್ತು ವರ್ಷದ ತಮ್ಮ ಇಲ್ಲಿ ಟೊರಾಂಟೊದಲ್ಲಿ ಆಸ್ಪತ್ರೆ ಸೇರಿದಾಗ, ದಾವಣಗೆರೆಯಿಂದ ಅಜ್ಜಿ ಫೋನಿನಲ್ಲಿ ಮೊದಲು ಕೇಳಿದ್ದೂ ಅದನ್ನೇ: "ಗ್ಲೂಕೋಸ್ ಹಾಕಿದ್ರೇನು?" ಅಮ್ಮ ಅಳುತ್ತಲೇ, "ಅಯ್ಯೋ ಬ್ಯಾಡವ್ವ, ಅವನಿಗೆ ಬಂದಿರೋದೇ ಸಕ್ಕರೆ ಕಾಯಿಲೆ" ಅಂದರು.

ಎರಡು ವಾರದಿಂದ ಅವನು ನೀರು ಕುಡಿದದ್ದೇ ಕುಡಿದದ್ದು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದ. ಪ್ಯಾಂಟು ಸಡಿಲವಾಗಿತ್ತು, ಎತ್ತರ ಬೆಳೆಯುತ್ತಿದ್ದಾನೆ ಅಂದುಕೊಂಡೆವು. ವಾಂತಿ ಶುರುವಾದಾಗ ಹೊಟ್ಟೆ ಕೆಟ್ಟಿದೆ ಅಂತ ಜ್ಯೂಸ್ ಕೊಟ್ಟೆವು! ಆಮೇಲೆ ಉಸಿರು ಜೋರಾಯಿತು, ಬಾಯಿಂದ ನೇಲ್ ಪಾಲಿಶ್ ರಿಮೂವರ್‌ನಂಥ ವಾಸನೆ. ಎಮರ್ಜೆನ್ಸಿಯಲ್ಲಿ ಬೆರಳು ಚುಚ್ಚಿ ನೋಡಿದರೆ ಸಕ್ಕರೆ 31. ಊರಿನ ಲೆಕ್ಕ ಬೇಕಾದರೆ 18ರಿಂದ ಗುಣಿಸಿ: 558. ಡಾಕ್ಟರ್ ಹೇಳಿದ ಹೆಸರು ಡಯಾಬಿಟಿಕ್ ಕೀಟೋಆಸಿಡೋಸಿಸ್.

ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಎಷ್ಟೇ ಸಕ್ಕರೆ ಇದ್ದರೂ ಅದು ಜೀವಕೋಶಗಳ ಒಳಗೆ ಹೋಗುವುದಿಲ್ಲ. ಕಣಜ ತುಂಬಿದ್ದರೂ ಬೀಗದ ಕೈ ಕಳೆದುಹೋದ ಹಾಗೆ. ಹಸಿದ ದೇಹ ಕೊಬ್ಬನ್ನು ಸುಡುತ್ತದೆ, ಅದರಿಂದ ಹುಟ್ಟುವ ಕೀಟೋನ್‌ಗಳು ರಕ್ತವನ್ನು ಆಮ್ಲವಾಗಿಸುತ್ತವೆ. ಹೆಚ್ಚಾದ ಸಕ್ಕರೆ ಮೂತ್ರದಲ್ಲಿ ಹೋಗುವಾಗ ನೀರನ್ನೂ ಲವಣಗಳನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಮೊದಲು ಕೊಡುವುದು ಇನ್ಸುಲಿನ್ ಅಲ್ಲ, ನೀರು. ಇನ್ಸುಲಿನ್ ಶುರುವಾದದ್ದು ಸುಮಾರು ಒಂದು ಗಂಟೆಯ ನಂತರ.

ಆದರೆ ಎಂಥ ನೀರು? ಬರೀ ನೀರನ್ನು ರಕ್ತನಾಳಕ್ಕೆ ಬಿಟ್ಟರೆ ಕೆಂಪು ರಕ್ತಕಣಗಳು ಉಬ್ಬಿ ಒಡೆಯುತ್ತವೆ. ಅದಕ್ಕೇ ಸಲೈನ್, ಅಂದರೆ ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದ ನೀರು. ಇದನ್ನು 'ನಾರ್ಮಲ್ ಸಲೈನ್' ಅಂತಾರೆ, ಆದರೆ ನನ್ನ ಪ್ರಕಾರ ಆ ಹೆಸರು ಅಷ್ಟು ಸರಿಯಿಲ್ಲ. ನಮ್ಮ ರಕ್ತದಲ್ಲಿ ಕ್ಲೋರೈಡ್ ಸುಮಾರು 100 ಇದ್ದರೆ, ಇದರಲ್ಲಿ 154. ತುಂಬಾ ಕೊಟ್ಟರೆ ಕ್ಲೋರೈಡ್ ಹೆಚ್ಚಾಗಿಯೇ ರಕ್ತ ಮತ್ತೆ ಆಮ್ಲವಾಗಬಹುದು. ರಿಂಗರ್ಸ್ ಲ್ಯಾಕ್ಟೇಟ್, ಪ್ಲಾಸ್ಮಾ-ಲೈಟ್ ರಕ್ತಕ್ಕೆ ಇನ್ನೂ ಹತ್ತಿರದವು. ಅಮೆರಿಕದಲ್ಲಿ 172 ವಯಸ್ಕ ರೋಗಿಗಳ ಮಾಹಿತಿ ಹೋಲಿಸಿ 2020ರಲ್ಲಿ ಪ್ರಕಟಿಸಿದರು: ಇಂಥ ದ್ರವ ಪಡೆದವರು ಸುಮಾರು 13 ಗಂಟೆಯಲ್ಲಿ ಕೀಟೋಆಸಿಡೋಸಿಸ್‌ನಿಂದ ಹೊರಬಂದರು, ಸಲೈನ್ ಪಡೆದವರಿಗೆ ಸುಮಾರು 17 ಗಂಟೆ ಬೇಕಾಯಿತು.

ಮಕ್ಕಳಲ್ಲಿ ದೊಡ್ಡ ಭಯ ಮಿದುಳಿನ ಊತ. ದ್ರವ ಬೇಗ ಕೊಟ್ಟರೆ ಊತ ಬರುತ್ತದೆ ಅಂತ ವೈದ್ಯರು ಬಹಳ ಕಾಲ ನಂಬಿದ್ದರು. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಬೇಗ ಅಥವಾ ನಿಧಾನ, ಪೂರ್ತಿ ಉಪ್ಪಿನ ಅಥವಾ ಅರ್ಧ ಉಪ್ಪಿನ ದ್ರವ ಕೊಟ್ಟು ನೋಡಿದರು. ಮಿದುಳಿನ ಮಟ್ಟಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ನರ್ಸ್ ಗಂಟೆಗೊಮ್ಮೆ ತಮ್ಮನನ್ನು ಎಬ್ಬಿಸಿ ಹೆಸರು ಕೇಳುತ್ತಿದ್ದರು. ಅವನಿಗೆ ಸಿಟ್ಟೋ ಸಿಟ್ಟು.

ಇನ್ಸುಲಿನ್ ಶುರುವಾದ ಮೇಲೆ ಡ್ರಿಪ್ಪಿಗೆ ಪೊಟ್ಯಾಸಿಯಮ್ ಸೇರಿಸಿದರು. ಇನ್ಸುಲಿನ್ ಸಕ್ಕರೆಯ ಜೊತೆ ಪೊಟ್ಯಾಸಿಯಮನ್ನೂ ಜೀವಕೋಶದೊಳಗೆ ತಳ್ಳುತ್ತದೆ. ರಕ್ತದಲ್ಲಿ ಅದು ತೀರಾ ಇಳಿದರೆ ಹೃದಯದ ಬಡಿತವೇ ತಪ್ಪುತ್ತದೆ.

ನಡುರಾತ್ರಿ ಸಕ್ಕರೆ 16ಕ್ಕೆ ಇಳಿಯಿತು. ನರ್ಸ್ ಹೊಸ ಚೀಲ ತಂದರು. ಅದರ ಮೇಲೆ 'ಡೆಕ್ಸ್‌ಟ್ರೋಸ್' ಅಂತ ಓದಿ ಅಮ್ಮ ಎದ್ದು ನಿಂತು, "ತಪ್ಪು ಚೀಲ ತಂದಿದ್ದೀರಿ!" ಅಂತ ತಡೆದರು. ಡೆಕ್ಸ್‌ಟ್ರೋಸ್ ಅಂದರೆ ಗ್ಲೂಕೋಸೇ! ನರ್ಸ್ ಕುಳಿತು ವಿವರಿಸಿದರು: ಸಕ್ಕರೆ ಬೇಗ ಇಳಿಯುತ್ತದೆ, ಆಮ್ಲ ನಿಧಾನವಾಗಿ ಇಳಿಯುತ್ತದೆ. ಸಕ್ಕರೆ ಇಳಿಯಿತು ಅಂತ ಇನ್ಸುಲಿನ್ ನಿಲ್ಲಿಸಿದರೆ ಕೀಟೋನ್‌ಗಳು ಮತ್ತೆ ಹುಟ್ಟುತ್ತವೆ. ನಿಲ್ಲಿಸದಿದ್ದರೆ ಸಕ್ಕರೆ ತೀರಾ ಕೆಳಗೆ ಹೋಗುತ್ತದೆ. ಆದ್ದರಿಂದ ಒಂದು ಕಡೆ ಇನ್ಸುಲಿನ್, ಇನ್ನೊಂದು ಕಡೆ ಗ್ಲೂಕೋಸ್, ಕೀಟೋನ್ ಹೋಗುವವರೆಗೆ. ಅಮ್ಮ ಕುಳಿತರು, ಆದರೆ ಬೆಳಗಿನವರೆಗೂ ಆ ಚೀಲದ ಮೇಲಿನ ಕಣ್ಣು ತೆಗೆಯಲಿಲ್ಲ.

ಮರುದಿನ ಮಧ್ಯಾಹ್ನ ಡ್ರಿಪ್ ತೆಗೆದರು. ತಮ್ಮ ಮೊದಲ ಇನ್ಸುಲಿನ್ ಇಂಜೆಕ್ಷನ್ ಚುಚ್ಚಿಸಿಕೊಂಡು, ಅಪ್ಪ ಮನೆಯಿಂದ ತಂದ ಇಡ್ಲಿ ತಿಂದ. ಅಷ್ಟರಲ್ಲಿ ಅಜ್ಜಿಯ ಫೋನ್, ಮತ್ತೆ ಅದೇ ಪ್ರಶ್ನೆ. ಈ ಸಲ ಅಮ್ಮ, "ಹೂಂ ಅವ್ವ, ಹಾಕಿದ್ರು" ಅಂದರು.