ಎರಡು ಹೊಳೆಗಳ ನಡುವಿನ ನಾಡು

ರಾಯಚೂರು ಅಂದಕೂಡಲೇ ಹೊರಗಿನವರು ಎರಡು ಮಾತು ಕೇಳುತ್ತಾರೆ. ‘ಭಾಳ ಬಿಸಿಲಲ್ರೀ?’ ಮತ್ತೆ, ‘ಎರಡು ಹೊಳೆ ಇದ್ದೂ ಜನ ಗುಳೆ ಯಾಕ ಹೋಗ್ತಾರ್ರೀ?’ ಬಿಸಿಲಿನ ಮಾತು ಬಿಡಿ. ಎರಡನೇ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ಸೀಮೆಗೆ ಹಳೇ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರಿದೆ. ದೊರೆ ಅಂದರೆ ಹೊಳೆ. ದೇವದುರ್ಗ ತಾಲೂಕು ಕೃಷ್ಣೆಯ ದಂಡೆಗಿದ್ದರೆ, ಮಾನ್ವಿ ತುಂಗಭದ್ರೆಯ ದಂಡೆಗಿದೆ. ಆದರೆ ಹೊಳೆ ತಗ್ಗಿನಲ್ಲಿ, ಹೊಲ ಮೇಲೆ. ಒಡ್ಡು, ಕಾಲುವೆ ಇಲ್ಲದೆ ನೀರು ಏರುವುದಿಲ್ಲ. ಹಿಂದಿನವರು ಮಳೆ ನೀರು ಹಿಡಿದಿಟ್ಟುಕೊಳ್ಳುವ ಎರಿಭೂಮಿಯನ್ನೇ ನಂಬಿ ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಿದ್ದರು.

ಈ ನೆಲಕ್ಕಾಗಿ ಹೊಡೆದಾಡಿದವರೇ ಹೆಚ್ಚು. ರಾಯಚೂರು ಕೋಟೆಯಲ್ಲಿ 1294ರ ಶಾಸನವಿರುವ ಭಾರೀ ಉದ್ದದ ಕಲ್ಲಿದೆ. ಅದನ್ನು ಸಾಲು ಕೋಣ ಕಟ್ಟಿದ ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಗೋಡೆಯ ಮೇಲೆ ಕೊರೆದಿದ್ದಾರೆ. ಒಕ್ಕಲಿಗರು ಹೋದರೆ ಅದನ್ನೇ ಮೊದಲು ನೋಡಿ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಹನನ್ನು ಸೋಲಿಸಿದ್ದು ಇಲ್ಲೇ. ಆಮೇಲೆ ಬಹುಕಾಲ ನಿಜಾಮರ ಆಳ್ವಿಕೆ. ಅದು 1948ರಲ್ಲಿ ಮುಗಿದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು.

ನಮ್ಮ ಬದುಕು ಬದಲಾದದ್ದು ತುಂಗಭದ್ರಾ ಅಣೆಕಟ್ಟೆಯಿಂದ. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆಯ ಉದ್ದ ಸುಮಾರು 227 ಕಿ.ಮೀ. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ, ಹೆಚ್ಚು ಜಮೀನಿಗೆ ನೀರು ಹಂಚಬೇಕೆಂಬುದು ಮೂಲ ಲೆಕ್ಕ. ಆಂಧ್ರದ ಕರಾವಳಿಯಿಂದ ಬಂದ ಕುಟುಂಬಗಳು ಜಮೀನು ಕೊಂಡು ‘ಕ್ಯಾಂಪ್’ ಕಟ್ಟಿದವು, ಮಡಿ ಮಾಡಿ ಭತ್ತ ನಾಟಿ ಮಾಡಿದವು. ಅವರನ್ನು ನೋಡಿ ನಾವೂ ಕಲಿತೆವು. ದೂರಿ ಫಲವಿಲ್ಲ, ರೊಕ್ಕ ಕಂಡದ್ದು ಭತ್ತದಲ್ಲೇ. ಆದರೆ ಗಂಗಾವತಿ, ಸಿಂಧನೂರಿನಲ್ಲಿ ಮಡಿ ತುಂಬಿ ಉಳಿದದ್ದು ಮಾನ್ವಿ, ರಾಯಚೂರಿನ ಕೊನೆ ಭಾಗಕ್ಕೆ. ‘ಮ್ಯಾಲಿನವ್ರು ಬಿಟ್ರ ನಮ್ಗ ನೀರು’ ಅಂತ ನಮ್ಮ ಪಕ್ಕದ ಹೊಲದ ಹಿರಿಯರು ಅಂತಿರುತ್ತಾರೆ. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 106 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಕಡೆ ಯಾರೂ ನೆಮ್ಮದಿಯಿಂದ ಮಲಗಲಿಲ್ಲ.

ದೇವದುರ್ಗದ ಕಥೆ ಬೇರೆ. ಅಲ್ಲಿಗೆ ನಾರಾಯಣಪುರ ಬಲದಂಡೆ ಕಾಲುವೆ ಬಂದದ್ದು ತಡವಾಗಿ. 2002ರ ನಂಜುಂಡಪ್ಪ ಸಮಿತಿ ವರದಿ ಅದನ್ನು ಅತಿ ಹಿಂದುಳಿದ ತಾಲೂಕುಗಳಲ್ಲಿ ಸೇರಿಸಿತು. ಸುಗ್ಗಿ ಮುಗಿದರೆ ಬೆಂಗಳೂರಿನ ಬಸ್ಸು ತುಂಬುತ್ತದೆ, ಮನೆಯಲ್ಲಿ ಮುದುಕರು ಉಳಿಯುತ್ತಾರೆ.

2011ರ ಜನಗಣತಿಯಂತೆ ಜಿಲ್ಲೆಯ ಜನ 19.28 ಲಕ್ಷ. ಸಾವಿರ ಗಂಡಸರಿಗೆ ಸಾವಿರ ಹೆಂಗಸರು. ಅಕ್ಷರ ಬಲ್ಲವರು ನೂರಕ್ಕೆ 60ರಷ್ಟು, ರಾಜ್ಯದಲ್ಲಿ 75. ಎಣಿಕೆ ನಡೆದದ್ದು ಫೆಬ್ರುವರಿಯಲ್ಲಿ, ಅಂದರೆ ಗುಳೆಯ ಕಾಲದಲ್ಲಿ. ಹಾಗಾಗಿ ಊರೂರಿನ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಕಾಲುವೆ ಕೊನೆಯ ನನ್ನ ನಾಲ್ಕು ಎಕರೆಯಲ್ಲಿ ಈಗ ಭತ್ತ ಒಂದೇ ಎಕರೆ. ಉಳಿದದ್ದಕ್ಕೆ ತೊಗರಿ, ಬಿಳಿಜೋಳ. ನೀರು ತಪ್ಪಿದ ವರ್ಷವೂ ಮನೆಗೆ ಜೋಳ, ದನಕ್ಕೆ ಸೊಪ್ಪಿ ಆಗುತ್ತದೆ.